ನೆರೆಗೆ ಬಿಟ್ಟ ಜಾಗ

"ಅಪ್ಪಾವರೇ, ಹೊಳೆಗೆ ಎಷ್ಟು ಎತ್ತರದ ಗೋಡೆ ಕಟ್ಟಿದರೆ ಊರು ಉಳಿಯುತ್ತದೆ?"

ಕೇಳಿದವನು ಅಡಿವೆಪ್ಪ. ಗುರುಗಳ ಹಳೆಯ ಶಿಷ್ಯ. ಆ ವರ್ಷ ಊರಿನ ಹಿರಿತನ ಅವನ ಹೆಗಲಿಗೆ ಬಂದಿತ್ತು. ಹೋದ ಮಳೆಗಾಲದಲ್ಲಿ ಹೊಳೆ ಊರೊಳಗೆ ನುಗ್ಗಿ ನೆಲದೊಳಗೆ ತೋಡಿದ ಹಗೇವಿನ ಜೋಳವನ್ನೆಲ್ಲ ಕೊಳೆಸಿಹಾಕಿತ್ತು. ಈ ಸಲ ಅವನು ಸುಮ್ಮನೆ ಕೂರಲಿಲ್ಲ. ಕಲ್ಲು ತರಿಸಿದ್ದ. ಗಾಡಿ ಗೊತ್ತುಮಾಡಿದ್ದ. ಗೌಂಡಿಗಳು ದಾರ ಹಿಡಿದು ಕಾಯುತ್ತಿದ್ದರು. ಎತ್ತರ ಒಂದು ತಿಳಿದರೆ ಮರುದಿನವೇ ಕೆಲಸ ಶುರು. ಆ ಉಮೇದಿನಲ್ಲಿ ಅವನು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಕೇಳಿದ್ದ.

"ಕೂತು ಕೇಳು," ಎಂದರು ಗುರುಗಳು.

"ಕೂತರೆ ಮಳೆಗಾಲ ಬಂದುಬಿಡುತ್ತದೆ, ಅಪ್ಪಾವರೇ."

"ನೀನು ನಿಂತಿದ್ದೀಯೆಂದು ಅದೇನೂ ತಡಮಾಡುವುದಿಲ್ಲ. ಕೂತುಕೋ. ನಿನ್ನ ಹಾಗೆಯೇ ಅವಸರದವನೊಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಕತೆ ಕೇಳಿ ಆಮೇಲೆ ಎತ್ತರದ ಮಾತಾಡು."

ಅಡಿವೆಪ್ಪ ಕೂತ. ಗುರುಗಳು ಹೇಳತೊಡಗಿದರು.

ಹೊಳೆಯ ತಿರುವಿನಲ್ಲಿ ಒಂದು ಊರು. ಊರಿಗೂ ಹೊಳೆಗೂ ನಡುವೆ ಅಗಲವಾದ ಬಯಲು. ಮಳೆಗಾಲದಲ್ಲಿ ಹೊಳೆ ಆ ಬಯಲಿಗೆ ಹತ್ತುತ್ತಿತ್ತು. ಕೆಲವು ದಿನ ಇದ್ದು ಇಳಿದು ಹೋಗುತ್ತಿತ್ತು. ಬೇಸಿಗೆಯಲ್ಲಿ ಜನ ಅಲ್ಲಿ ಸವತೆ, ಕಲ್ಲಂಗಡಿ ಹಾಕುತ್ತಿದ್ದರು, ದನ ಮೇಯಿಸುತ್ತಿದ್ದರು. ಮನೆ ಮಾತ್ರ ಯಾರೂ ಕಟ್ಟುತ್ತಿರಲಿಲ್ಲ. ಏಕೆಂದು ಕೇಳಿದರೆ, "ಇಲ್ಲಿಯ ತನಕ ಯಾರೂ ಕಟ್ಟಿಲ್ಲ, ಅದಕ್ಕೇ" ಎನ್ನುತ್ತಿದ್ದರು.

ಆ ಊರಿಗೆ ಒಂದು ಪದ್ಧತಿಯಿತ್ತು. ಯಾರೇ ಮನೆಗೆ ಪಾಯ ತೆಗೆಯಲಿ, ಗೌಂಡಿ ಒಂದು ಕೊಡ ಹೊಳೆಯ ನೀರು ತಂದು ಪಾಯದ ಸುತ್ತ ಸುರಿಯಬೇಕು. ಸುರಿಯುತ್ತ, "ನೆರೆಗೆ ಜಾಗ ಬಿಟ್ಟೆಯಾ?" ಎಂದು ಕೇಳಬೇಕು. ಮನೆಯ ಯಜಮಾನ "ಬಿಟ್ಟೆ" ಎನ್ನಬೇಕು. ಅಷ್ಟಾದ ಮೇಲೆಯೇ ಮೊದಲ ಕಲ್ಲು.

ಆ ಊರಿನ ಬಾಯಲ್ಲಿ ನೆರೆ ಎಂದರೆ ಪಕ್ಕದ ಮನೆ. ನೀರು ಏರಿ ಬಂದರೆ ಅವರು "ಹೊಳೆ ಬಂತು" ಎನ್ನುತ್ತಿದ್ದರೇ ಹೊರತು ನೆರೆ ಬಂತು ಎನ್ನುತ್ತಿರಲಿಲ್ಲ. ಆ ಶಬ್ದಕ್ಕೆ ಆ ಅರ್ಥವೂ ಉಂಟೆಂದು ಗೊತ್ತಿರಲಿಲ್ಲವೆಂದಲ್ಲ, ಬಳಕೆಯಲ್ಲಿ ಇರಲಿಲ್ಲ. ಹಾಗಾಗಿ ಪ್ರತಿಯೊಬ್ಬನೂ ಪಕ್ಕದ ಮನೆಗೆ ಒಂದು ಗಾಡಿ ಹೋಗುವಷ್ಟು ಓಣಿ ಬಿಟ್ಟು ಕಟ್ಟುತ್ತಿದ್ದ. ಗೋಡೆಯ ಜಗಳ, ಹನಿಯುವ ನೀರಿನ ಜಗಳ ಆ ಊರಿನಲ್ಲಿ ಹುಟ್ಟಲೇ ಇಲ್ಲ. ಹೊರಗಿನವರು ಅದನ್ನು ನೋಡಿ ಹೊಗಳುತ್ತಿದ್ದರು. ಊರಿನವರು ಹೊಗಳಿಸಿಕೊಳ್ಳುತ್ತಿದ್ದರು.

ಅಲ್ಲಿಗೆ ಬೆಲ್ಲದ ವ್ಯಾಪಾರಿ ಬಂದ.

ಅವನು ಚುರುಕಾದ ಮನುಷ್ಯ. ಮಾತಿನಲ್ಲಿ ಮೋಸ ಹೋಗುವವನಲ್ಲ. ಯಾರಾದರೂ "ಇಷ್ಟು ಸೇರು" ಎಂದರೆ, "ಯಾವ ಸೇರು? ನಿಮ್ಮೂರ ಸೇರೋ, ಪೇಟೆಯ ಸೇರೋ?" ಎಂದು ಕೇಳದೆ ದರ ಕುದುರಿಸಲು ಟವಲಿನ ಕೆಳಗೆ ಬೆರಳು ಹಿಡಿಯುತ್ತಿರಲಿಲ್ಲ. ಒಂದು ಶಬ್ದಕ್ಕೆ ಎರಡು ಅಳತೆ ಇದ್ದಲ್ಲಿ ವ್ಯಾಪಾರಿ ಮುಳುಗುತ್ತಾನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ದೋಣಿಗಟ್ಟೆಯ ಪಕ್ಕದ ಬಯಲು ನೋಡಿ ಅವನ ಕಣ್ಣು ಅರಳಿತು. ದೋಣಿಯಿಂದ ಇಳಿಸಿದ ಬೆಲ್ಲವನ್ನು ಅಲ್ಲೇ ತುಂಬಿಡಬಹುದು. ಊರೊಳಗೆ ಹೊತ್ತು ತರುವ ಕೂಲಿ ಉಳಿಯಿತು. ಇಂಥ ಜಾಗ ಖಾಲಿ ಬಿದ್ದಿದೆ, ಈ ಊರಿನಲ್ಲಿ ಒಬ್ಬನಿಗೂ ಕಣ್ಣಿಲ್ಲವೇ ಎಂದುಕೊಂಡ. ಹಿರಿಯರನ್ನು ಕೇಳಿದ. ಅವರು ತಮ್ಮತಮ್ಮಲ್ಲೇ ನೋಡಿಕೊಂಡರು. ಬೇಡ ಎನ್ನಲು ಅವರಿಗೆ ಕಾರಣ ಸಿಕ್ಕಲಿಲ್ಲ. ಒಬ್ಬ ಹಿರಿಯ, "ನಮ್ಮ ಪದ್ಧತಿ ಮೀರಬಾರದು, ಅಷ್ಟೇ" ಎಂದ.

"ನಿಮ್ಮ ಪದ್ಧತಿ ಒಂದಕ್ಕೆ ಎರಡು ಪಾಲು ನಡೆಸುತ್ತೇನೆ," ಎಂದ ವ್ಯಾಪಾರಿ.

ನಡೆಸಿದ. ಬಯಲಿನ ಮೇಲ್ತುದಿಯಲ್ಲಿ, ಹೊಳೆ ಬರುವ ದಿಕ್ಕಿಗೆ, ಕುಂಬಾರರ ಓಣಿಯಿತ್ತು. ಅವನಿಗೆ ನೆರೆಯೆಂದರೆ ಅವರೇ. ಓಣಿಯ ಕಡೆಗೆ ಎರಡು ಗಾಡಿ ಹೋಗುವಷ್ಟು ಜಾಗ ಬಿಟ್ಟು ಪಾಯ ತೆಗೆಸಿದ. ಗೌಂಡಿ ನೀರು ಸುರಿದು ಕೇಳಿದ. ವ್ಯಾಪಾರಿ ಎದೆಯುಬ್ಬಿಸಿ "ಬಿಟ್ಟೆ" ಎಂದ. ಊರು ಚಪ್ಪಾಳೆ ತಟ್ಟಿತು.

ಗೋದಾಮು ಎದ್ದಿತು. ಗೋದಾಮಿಗೆ ನೀರು ಬರಬಾರದಲ್ಲ. ಬಯಲಿನ ಮೇಲ್ತುದಿಯಿಂದ ಕೆಳತುದಿಯ ತನಕ ಹೊಳೆಗೆ ಮುಖಮಾಡಿ ಕಲ್ಲಿನ ಗೋಡೆ ಎದ್ದಿತು. ಆ ಮಳೆಗಾಲ ಹೊಳೆ ಬಂದು ಗೋಡೆಯನ್ನು ಮುಟ್ಟಿ ಹಿಂದೆ ಹೋಯಿತು. ಊರೆಲ್ಲ ಗೋಡೆಯ ಮೇಲೆ ನಿಂತು ನೋಡಿತು. ಒಳಗೆ ಒಣಮಣ್ಣು, ಹೊರಗೆ ಕೆಂಪುನೀರು. ಜನಕ್ಕೆ ಹುಚ್ಚು ಹಿಡಿದಂತಾಯಿತು. ಎಣ್ಣೆಯವನು ಬಂದು ಅಂಗಡಿ ಹಾಕಿದ. ಹಗ್ಗದವನು ಬಂದ. ಬಟ್ಟೆಯವನು ಬಂದ. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಕೊಟ್ಟಿಗೆ. ಸವತೆಯ ಬಳ್ಳಿ ಹಬ್ಬುತ್ತಿದ್ದ ಕಡೆ ಪೇಟೆಯೇ ಹಬ್ಬಿತು. ಪ್ರತಿಯೊಬ್ಬನೂ ಪಾಯ ತೆಗೆಯುವಾಗ "ಬಿಟ್ಟೆ" ಎಂದ. ಯಾರೂ ಸುಳ್ಳು ಹೇಳಲಿಲ್ಲ. ಓಣಿಗಳು ಅಗಲವಾಗಿಯೇ ಇದ್ದವು.

ಮುಂದಿನ ಮಳೆಗಾಲದಲ್ಲಿ ಕುಂಬಾರರ ಓಣಿಗೆ ನೀರು ಬಂತು. ಹಿಂದೆ ಎಂದೂ ಬಂದಿರಲಿಲ್ಲ. ಹೆಚ್ಚೇನಲ್ಲ, ಹೊಸ್ತಿಲು ದಾಟಿ ಪಾದ ಮುಳುಗುವಷ್ಟು. ಆದರೆ ಸುಡಲು ಅಣಿಮಾಡಿದ ಆವಿಗೆಗೆ ನುಗ್ಗಿ ಹಸಿ ಮಡಕೆಗಳನ್ನೆಲ್ಲ ಮತ್ತೆ ಮಣ್ಣುಮಾಡಿತು. ಆ ಓಣಿಯ ದ್ಯಾಮವ್ವ ಎಂಬ ಕುಂಬಾರಗಿತ್ತಿ ಗೋದಾಮಿನ ಬಾಗಿಲಿಗೆ ಬಂದಳು.

"ಸಾವುಕಾರರೇ, ನೆರೆಗೆ ಜಾಗ ಬಿಟ್ಟೆ ಅಂದಿರಿ."

"ಬಿಟ್ಟಿದ್ದೇನಲ್ಲ ತಾಯಿ. ಎರಡು ಗಾಡಿ ಹೋಗುತ್ತವೆ. ಬೇಕಾದರೆ ಅಳೆದು ನೋಡು."

"ಗಾಡಿ ಹೋಗುತ್ತವೆ, ಹೌದು. ನಮ್ಮ ಮನೆಯಲ್ಲಿ ಈಗ ದೋಣಿಯೂ ಹೋಗುತ್ತದೆ. ಒಂದು ನೆರೆಗೆ ಜಾಗ ಬಿಟ್ಟು ಇನ್ನೊಂದು ನೆರೆಯನ್ನು ನನ್ನ ಒಲೆಯ ಮುಂದೆ ಕೂರಿಸಿದಿರಿ. ಅದಕ್ಕೆ ಊಟ ಯಾರು ಹಾಕಬೇಕು?"

ಅವಳು ಹೊಟ್ಟೆಯುರಿಗೆ ಹೇಳಿದ ಕೊಂಕು ಅದು. ಅಂಗಡಿಯವರೆಲ್ಲ ನಕ್ಕರು. ವ್ಯಾಪಾರಿಯೂ ನಕ್ಕ. ಅವಳು ಕೂಡ ಸಿಟ್ಟಿನಲ್ಲೇ ಸ್ವಲ್ಪ ನಕ್ಕು ಹೊರಟುಹೋದಳು.

ಆದರೆ ವ್ಯಾಪಾರಿಯ ನಗು ಅರ್ಧಕ್ಕೇ ನಿಂತಿತು. ಒಂದು ಶಬ್ದ, ಎರಡು ಅಳತೆ. ಅವನು ನೇರ ಗೌಂಡಿಯ ಬಳಿ ಹೋದ.

"ಪಾಯಕ್ಕೆ ನೀರು ಸುರಿಯುತ್ತೀರಲ್ಲ, ಏಕೆ?"

"ನಮ್ಮಪ್ಪ ಸುರಿಯುತ್ತಿದ್ದ."

"ನಿಮ್ಮಪ್ಪ ಏಕೆ ಸುರಿಯುತ್ತಿದ್ದ?"

"ಅವನೂ ಅವರಪ್ಪನನ್ನು ಕೇಳಿರಲಿಕ್ಕಿಲ್ಲ, ಸಾವುಕಾರರೇ. ಕೇಳುತ್ತ ಕೂತಿದ್ದರೆ ಗೋಡೆ ಏಳುತ್ತಿರಲಿಲ್ಲ."

ವ್ಯಾಪಾರಿ ಬಯಲಿನ ಗೋಡೆಯ ಮೇಲೆ ಹೋಗಿ ನಿಂತ. ಪಕ್ಕದ ಮನೆಯ ಓಣಿಯ ಮಾತಾಗಿದ್ದರೆ ಹೊಳೆಯಿಂದ ನೀರು ಏಕೆ ತರಬೇಕು? ಪಾಯದ ಆ ಪ್ರಶ್ನೆಯನ್ನು ಮೊದಲು ಕೇಳಿಸಿದವರು ಪಕ್ಕದ ಮನೆಯ ಮಾತಾಡಿರಲಿಲ್ಲ. ಈ ಬಯಲಿನ ಮಾತಾಡಿದ್ದರು. ಊರಿನವರು ತಪ್ಪು ತಿಳಿದರೂ ಬಯಲು ಖಾಲಿಯೇ ಇದ್ದದ್ದರಿಂದ ಆ ತಪ್ಪಿಗೆ ಇಷ್ಟು ವರ್ಷ ನಷ್ಟ ಬಂದಿರಲಿಲ್ಲ. ಈಗ ಬಂದಿತ್ತು. ಸೇರಿನ ಅಳತೆ ಕೇಳದೆ ಬೆರಳು ಹಿಡಿಯದ ಮನುಷ್ಯ, ಯಾವ ನೆರೆ ಎಂದು ಕೇಳದೆ "ಬಿಟ್ಟೆ" ಎಂದುಬಿಟ್ಟಿದ್ದ.

ಗೊತ್ತಾಯಿತು. ಆದರೆ ಏನು ಮಾಡಿದ? ಏನೂ ಮಾಡಲಿಲ್ಲ. ಗೋದಾಮು ತುಂಬಿತ್ತು. ಗೋಡೆ ಗಟ್ಟಿಯಾಗಿತ್ತು. ಮುಂದಿನ ವರ್ಷ ನೋಡೋಣ ಎಂದ.

ಇಲ್ಲಿ ಅಡಿವೆಪ್ಪ ಬಾಯಿ ಹಾಕಿದ. "ಗೊತ್ತಾದ ಮೇಲೂ ಸುಮ್ಮನಿದ್ದನೇ?"

"ವ್ಯಾಪಾರಿಯಪ್ಪಾ ಅವನು, ಸಂತನಲ್ಲ. ಸರಕು ಒಳಗಿರುವಾಗ ಗೋಡೆ ಯಾರು ಕೆಡವುತ್ತಾರೆ? ಮುಂದೆ ಕೇಳು," ಎಂದರು ಗುರುಗಳು.

ಆ ಮುಂದಿನ ವರ್ಷ ಹೊಳೆ ದೊಡ್ಡದಾಗಿ ಬಂತು.

ಮೇಲಿನ ಸೀಮೆಯಲ್ಲಿ ಬಿಡದೆ ಮಳೆ. ಇಲ್ಲಿ ಬಿಸಿಲಿತ್ತು. ಬೆಳಿಗ್ಗೆ ಗೋಡೆಯ ಬುಡದಲ್ಲಿದ್ದ ನೀರು ಊಟದ ಹೊತ್ತಿಗೆ ಗೋಡೆಯ ಸೊಂಟಕ್ಕೆ ಬಂತು. ಕಿತ್ತುಕೊಂಡು ಬಂದ ಮರಗಳು ತಿರುವಿನಲ್ಲಿ ತಿರುಗಿ ಗೋಡೆಗೆ ಗುದ್ದತೊಡಗಿದವು. ಒಳಗೆ ಪೇಟೆ ಎಂದಿನಂತೆ ನಡೆಯುತ್ತಿತ್ತು. ಎಣ್ಣೆಯವನು ಗಾಣದೆತ್ತಿಗೆ ಹಿಂಡಿ ಹಾಕುತ್ತಿದ್ದ.

ವ್ಯಾಪಾರಿ ಗೋಡೆಯ ಮೇಲೆ ಮೇಲ್ತುದಿಗೆ ಓಡಿದ. ಅಲ್ಲಿ ನೀರು ಇನ್ನೂ ಎತ್ತರವಾಗಿ ನಿಂತಿತ್ತು. ಮುಂದೆ ಹರಡಿಕೊಳ್ಳಲು ಬಯಲಿಲ್ಲ. ಇಕ್ಕಟ್ಟಿನಲ್ಲಿ ನುಸುಳಲಾರದೆ ಅದು ಹಿಂದಕ್ಕೆ ಒತ್ತಿ ಕುಂಬಾರರ ಓಣಿಯನ್ನು ತುಂಬಿತ್ತು. ಜನ ಮಾಳಿಗೆ ಹತ್ತಿದ್ದರು. ಮಣ್ಣಿನ ಗೋಡೆಯ ಮನೆಗಳು. ಒಂದು ಮನೆ ಅವನ ಕಣ್ಣೆದುರೇ ಮೆತ್ತಗೆ ಕೂತಿತು. ಆ ಮನೆಯವರು ಪಕ್ಕದ ಮಾಳಿಗೆಗೆ ದಾಟಿಕೊಂಡರು. ದ್ಯಾಮವ್ವ ತನ್ನ ಮಾಳಿಗೆಯ ಮೇಲೆ ಮೊಮ್ಮಗಳನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದಳು. ಮಾಳಿಗೆಗೂ ನೀರಿಗೂ ನಡುವೆ ಹೆಚ್ಚು ಉಳಿದಿರಲಿಲ್ಲ.

ಅವಳು ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಕೈಯನ್ನು ಬಾಯಿಗೆ ಒಡ್ಡಿ ಕೂಗಿದಳು: "ಸಾವುಕಾರರೇ, ನಿಮ್ಮ ಗೋಡೆ ಬಹಳ ಚೆನ್ನಾಗಿ ನಿಂತಿದೆ. ನಮ್ಮವು ನಿಲ್ಲುವುದಿಲ್ಲ."

ವ್ಯಾಪಾರಿ ಗೋಡೆಗೆ ಅಂಗೈ ಇಟ್ಟ. ಕಲ್ಲು ನಡುಗುತ್ತಿತ್ತು. ಅವನ ತಲೆ ಗಿರ್ರನೆ ಓಡಿತು. ಇದು ನಿಂತರೆ ಓಣಿ ಹೋಗುತ್ತದೆ. ಇದು ತಾನಾಗಿ ಬಿದ್ದರೆ ಅಷ್ಟೂ ನೀರು ಒಂದೇ ಉಸಿರಿಗೆ ಒಳಗೆ ಬಂದು ಪೇಟೆಯ ಜನ ಹೋಗುತ್ತಾರೆ. ನಾನಾಗಿ ತೆಗೆದರೆ ಬೆಲ್ಲ ಹೋಗುತ್ತದೆ. ಮೂರರಲ್ಲಿ ಅಗ್ಗವಾದದ್ದು ಯಾವುದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನು ಪೇಟೆಯೊಳಗೆ ಇಳಿದು ಓಡಿದ. "ಎಲ್ಲರೂ ಬಯಲಿನ ಹಿಂದಿನ ದಿನ್ನೆಗೆ ಹೊರಡಿ. ಮೊದಲು ಮಕ್ಕಳು, ಮುದುಕರು, ಆಮೇಲೆ ದನ. ಸರಕು ಕೊನೆಗೆ. ನಾನು ಗೋಡೆ ತೆಗೆಯುತ್ತೇನೆ."

ಪೇಟೆ ಅವನ ಮೇಲೆ ಬಿತ್ತು. ಬಟ್ಟೆಯವನು ಅಂಗಿ ಹಿಡಿದು ಜಗ್ಗಿದ. "ನಿನ್ನ ಗೋಡೆ ನಂಬಿ ಅಂಗಡಿ ಹಾಕಿದೆವಲ್ಲೋ ಮಾರಾಯ."

"ನಾನೂ ನಂಬಿದ್ದೆ. ಈಗ ಕೈಯಿಟ್ಟು ನೋಡಿ ಬಂದೆ. ನೀನೂ ಹೋಗಿ ಕೈಯಿಡು, ಆಮೇಲೆ ಅಂಗಿ ಹಿಡಿ."

ಬಟ್ಟೆಯವನು ಹೋಗಿ ಕೈಯಿಟ್ಟ. ತಿರುಗಿ ಓಡಿ ಬಂದ. ಮಗನನ್ನು ಹೆಗಲಿಗೇರಿಸಿ, ಕೈಗೆ ಸಿಕ್ಕಷ್ಟು ಬಟ್ಟೆ ಬಗಲಿಗೆ ಹಾಕಿಕೊಂಡು ದಿನ್ನೆ ಹತ್ತಿದ. ಅವನನ್ನು ನೋಡಿ ಮಿಕ್ಕವರೂ ಎದ್ದರು. ಆಮೇಲೆ ನೋಡಬೇಕಿತ್ತು ಆ ಓಟ. ತೊಟ್ಟಿಲು ಹೊತ್ತವರು, ಮುದುಕಿಯನ್ನು ಬೆನ್ನಿಗೆ ಹಾಕಿಕೊಂಡವರು, ಬಾರದ ಎಮ್ಮೆಯನ್ನು ಬಾಲ ತಿರುಚಿ ನೂಕುವವರು. ಓಣಿಗಳು ಅಗಲವಾಗಿದ್ದವು, ಆ ದಿನ ಅದೊಂದು ಉಪಕಾರವಾಯಿತು, ಒಬ್ಬರಿಗೊಬ್ಬರು ಸಿಕ್ಕಿಕೊಳ್ಳಲಿಲ್ಲ. ಜನವೂ ದನವೂ ಮೇಲೆ ಹತ್ತಿದ ಮೇಲೆ ಬೆಲ್ಲದ ಪೆಂಟೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಸ್ವಲ್ಪ ಉಳಿಯಿತು. ಬಹಳ ಉಳಿಯಲಿಲ್ಲ. "ಸಾಕು, ಇನ್ನು ತಡಮಾಡಿದರೆ ಹೊಳೆಯೇ ಬಂದು ತೂಗಿ ಒಯ್ಯುತ್ತದೆ," ಎಂದು ವ್ಯಾಪಾರಿಯೇ ನಿಲ್ಲಿಸಿದ.

ಗೌಂಡಿ ಹಾರೆ ಹಿಡಿದು ಮೇಲ್ತುದಿಗೆ ಹೊರಟಿದ್ದ. ವ್ಯಾಪಾರಿ ಅವನ ತೋಳು ಹಿಡಿದ. "ಅಲ್ಲಿ ಬೇಡ. ಕೆಳತುದಿಯಲ್ಲಿ ಮೊದಲು ತೆಗೆ."

"ನೀರು ನಿಂತಿರುವುದು ಅಲ್ಲಿ."

"ಅದಕ್ಕೇ. ಅಲ್ಲಿ ತೆಗೆದರೆ ನಿನ್ನನ್ನೂ ಸೇರಿಸಿ ಒಯ್ಯುತ್ತದೆ. ಕೆಳಗೆ ತೆಗೆದರೆ ಹಿಮ್ಮುಖವಾಗಿ ಮೆಲ್ಲಗೆ ಒಳಗೆ ಬರುತ್ತದೆ. ಬಯಲು ತುಂಬಿ ಒಳಗೂ ಹೊರಗೂ ಹೆಚ್ಚುಕಡಿಮೆ ಸರಿಯಾದ ಮೇಲೆ ಮೇಲ್ತುದಿ ತೆಗೆ. ತಕ್ಕಡಿ ನೋಡಿಲ್ಲವೇ? ಒಂದು ತಟ್ಟೆ ಖಾಲಿ ಇರುವಾಗ ಇನ್ನೊಂದಕ್ಕೆ ಒಮ್ಮೆಲೇ ಭಾರ ಹಾಕಿದರೆ ಕೈಗೇ ಬಡಿಯುತ್ತದೆ."

ಕೆಳತುದಿಯಲ್ಲಿ ಕಲ್ಲು ಸಡಿಲಿಸಿದರು. ನೀರು ಒಳಗೆ ಬಂತು. ಅಂಗಡಿಯ ಕಟ್ಟೆ ಮುಟ್ಟಿತು, ಬಾಗಿಲು ಮುಟ್ಟಿತು, ಗೋದಾಮಿನ ಕಿಟಕಿ ಮುಟ್ಟಿತು. ಆಮೇಲೆ ಮೇಲ್ತುದಿಗೆ ಹಾರೆ ಹಾಕಿದರು. ಒಂದು ಕಲ್ಲು, ಇನ್ನೊಂದು ಕಲ್ಲು, ಮೂರನೆಯದನ್ನು ಹೊಳೆಯೇ ತೆಗೆಯಿತು. ಗೌಂಡಿ ಹಾರೆ ಬಿಟ್ಟು ಹಾರಿದ. ಗೋಡೆ ಅಷ್ಟುದ್ದಕ್ಕೆ ಬಾಯಿ ತೆರೆಯಿತು. ಹೊಳೆ ಬಯಲಿಗೆ ನಡೆದು ಬಂತು. ನುಗ್ಗಲಿಲ್ಲ, ಬಹಳ ದಿನ ಊರಿಗೆ ಹೋಗಿದ್ದವರು ತಮ್ಮ ಮನೆಗೆ ಮರಳಿ ಬರುವ ಹಾಗೆ ಬಂದು, ಕೈಕಾಲು ಚಾಚಿ, ಉದ್ದಕ್ಕೂ ಮಲಗಿತು.

ದಿನ್ನೆಯ ಮೇಲಿನವರು ಯಾರೂ ಬಯಲಿನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕುಂಬಾರರ ಓಣಿಯ ಮೇಲೆ. ದ್ಯಾಮವ್ವನ ಗೋಡೆಯಲ್ಲಿ ನೀರಿನ ಗೆರೆ ಮಾಳಿಗೆಯ ಅಂಚಿಗೆ ತಾಗಿತ್ತು. ಅಲ್ಲೇ ನಿಂತಿತು. ನಿಂತೇ ಇತ್ತು. ಆಮೇಲೆ ಅದರ ಕೆಳಗೆ ಒದ್ದೆ ಮಣ್ಣಿನ ಒಂದು ಪಟ್ಟಿ ಕಂಡಿತು. ಪಟ್ಟಿ ಅಗಲವಾಯಿತು. ಬಾಗಿಲಿನ ಮೇಲಿನ ಗೂಡು ಹೊರಗೆ ಬಂತು. ಅಂಗಿ ಹಿಡಿದು ಜಗ್ಗಿದ್ದ ಬಟ್ಟೆಯವನೇ ಮೊದಲು ಕುಣಿದವನು. ಅವನ ಅಂಗಡಿ ಆ ಹೊತ್ತಿಗೆ ನೀರಿನಡಿಯಲ್ಲಿತ್ತು.

ಬೆಲ್ಲದ ಗೋದಾಮು ಕರಗುತ್ತಿತ್ತು. ಗೋಡೆಯ ಸಂದಿಯಿಂದ ಕಂದು ನೀರು ಹೊರಬಿದ್ದು ಬಯಲಿನಲ್ಲಿ ಬೆರೆಯಿತು. ದಿನ್ನೆಯ ಅಂಚಿನಲ್ಲಿ ಎಮ್ಮೆಗಳು ಕುತ್ತಿಗೆ ಚಾಚಿ ಕುಡಿಯತೊಡಗಿ ತಲೆಯನ್ನೇ ಎತ್ತಲಿಲ್ಲ. ಎಣ್ಣೆಯವನು ಹೇಳಿದ: "ಸಾವುಕಾರರು ಹೊಳೆಗೆ ಪಾನಕ ಕೊಟ್ಟರು."

"ಕೊಡಲಿಲ್ಲ. ಅದರ ಜಾಗದಲ್ಲಿ ಇಷ್ಟು ದಿನ ಕೂತಿದ್ದೆನಲ್ಲ, ಅದು ತನ್ನ ಬಾಡಿಗೆ ಹಿಡಿದುಕೊಂಡಿತು," ಎಂದ ವ್ಯಾಪಾರಿ.

ನೀರಿಳಿದ ಮೇಲೆ ಊರು ಸೇರಿತು. ಗೋಡೆಯನ್ನು ಇನ್ನೂ ದಪ್ಪವಾಗಿ ಎತ್ತೋಣ ಎಂದು ಕೆಲವರು. ವ್ಯಾಪಾರಿ ಒಪ್ಪಲಿಲ್ಲ. ಗೋಡೆಯ ಕಲ್ಲನ್ನು ದಿನ್ನೆಗೆ ಹೊರಿಸಿದ. ಮೊದಲು ಅದರಲ್ಲಿ ಕುಂಬಾರರ ಮನೆಗಳಿಗೆ ಎತ್ತರದ ಪಾಯವಾಯಿತು. ಉಳಿದದ್ದರಲ್ಲಿ ಗೋದಾಮು. ಮನೆಗಳೆಲ್ಲ ದಿನ್ನೆಗೆ ಹೋದವು. ಬಯಲಿನಲ್ಲಿ ವಾರದ ಸಂತೆ ಮಾತ್ರ. ಬಿದಿರು, ಚಾಪೆ, ಗಾಡಿಯ ಮೇಲಿನ ಅಂಗಡಿ. ಹೊಳೆಯ ಮೇಲಿನ ಹಳ್ಳಿಯವರೊಡನೆ ಮಾತಾಡಿಕೊಂಡ: ಅಲ್ಲಿ ನೀರು ಏರಿದರೆ ಅವರು ಡೊಳ್ಳು ಬಾರಿಸಬೇಕು, ನಡುವಿನ ಹಳ್ಳಿ ಕೇಳಿ ಬಾರಿಸಬೇಕು, ಇಲ್ಲಿ ಸಂತೆ ಗಂಟುಕಟ್ಟಬೇಕು. ಡೊಳ್ಳು ಕೇಳಿದ ದಿನ ಜನ ನಗುತ್ತಲೇ ಚಾಪೆ ಸುತ್ತುತ್ತಿದ್ದರು. ಹೊಳೆ ಬಂದು, ಇದ್ದು, ಹೋಗುತ್ತಿತ್ತು. ಬಿಟ್ಟುಹೋದ ಮೆಕ್ಕಲಿನಲ್ಲಿ ಬೆಳೆದ ಕಲ್ಲಂಗಡಿಯನ್ನು ವ್ಯಾಪಾರಿ ದೋಣಿಗೆ ತುಂಬಿ ಪೇಟೆಗೆ ಕಳಿಸುತ್ತಿದ್ದ. ಬೆಲ್ಲಕ್ಕಿಂತ ಅದರಲ್ಲೇ ಅವನಿಗೆ ಹೆಚ್ಚು ಗಿಟ್ಟಿತು.

ಪಾಯದ ಪದ್ಧತಿಯೂ ಉಳಿಯಿತು. ಒಂದೇ ಒಂದು ಮಾತು ಹೆಚ್ಚಾಯಿತು. ಗೌಂಡಿ "ನೆರೆಗೆ ಜಾಗ ಬಿಟ್ಟೆಯಾ?" ಎಂದರೆ ಯಜಮಾನ "ಎರಡಕ್ಕೂ ಬಿಟ್ಟೆ" ಎನ್ನಬೇಕು.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಪ್ಪನ ಮುಖ ಬೆಳಗಿತ್ತು. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. "ತಿಳಿಯಿತು, ಅಪ್ಪಾವರೇ. ಡೊಳ್ಳಿನ ಏರ್ಪಾಡು ನಾಳೆಯೇ ಮಾಡುತ್ತೇನೆ. ತಗ್ಗಿನಲ್ಲಿರುವ ಮನೆಗಳನ್ನು ಎತ್ತರಕ್ಕೆ ಸರಿಸುತ್ತೇನೆ. ಹಗೇವನ್ನೆಲ್ಲ ದಿನ್ನೆಯಲ್ಲಿ ತೋಡಿಸುತ್ತೇನೆ."

"ಒಳ್ಳೆಯದು. ಗೋಡೆ?"

"ಗೋಡೆಯನ್ನೂ ಕಟ್ಟುತ್ತೇನೆ. ಕಲ್ಲು ಬಂದು ಬಿದ್ದಿದೆಯಲ್ಲ. ಆ ವ್ಯಾಪಾರಿಯ ತೊಂದರೆ ನಮಗಿಲ್ಲ. ಅವನ ಗೋಡೆಯ ಮಗ್ಗುಲಲ್ಲಿ ಅವನದೇ ಊರಿನ ಕುಂಬಾರರಿದ್ದರು. ನಮ್ಮ ಗೋಡೆಯ ಆಚೆ ನಮ್ಮವರೆಂದು ಒಬ್ಬರೂ ಇಲ್ಲ."

"ಯಾರೂ ಇಲ್ಲವೇ? ಎದುರು ದಡದಲ್ಲಿ ದೀಪ ಕಾಣುತ್ತದಲ್ಲ."

"ಅದು ನಮ್ಮ ಊರಲ್ಲ, ಅಪ್ಪಾವರೇ. ನೆರೆಯೂರು, ಅಷ್ಟೇ."

ಗುರುಗಳು ಅವನನ್ನೇ ನೋಡಿದರು.

"ಹೆಸರು ಇಟ್ಟಾಗಿದೆಯಲ್ಲ, ಅಡಿವೆಪ್ಪಾ, ಇನ್ನು ನೀರು ಕಳಿಸುವುದೊಂದೇ ಬಾಕಿ."